2026ರ ಮೇ 7ರ ಕೌನ್ಸಿಲ್ ಎಲೆಕ್ಷನ್: ನಿಮ್ಮ ಏರಿಯಾದಲ್ಲಿ ಯಾರ ಗಾಳಿ?

ಹಿತ್ತಲ ದಾಸವಾಳ

ಎಲ್ಲರಿಗೂ ನಮಸ್ಕಾರ. ಪಶ್ಚಿಮ ಲಂಡನ್ನಿಗೆ ಬಂದು ಮೂರು ವರ್ಷ ಆಯಿತು. 2022ರ ಕೌನ್ಸಿಲ್ ಎಲೆಕ್ಷನ್ ಮುಗಿದ ಮೇಲೆ ಬಂದವರು ನಾವು. 2024ರಲ್ಲಿ ನಮಗೂ ವೋಟಿದೆ ಅಂತಲೇ ಗೊತ್ತಿರಲಿಲ್ಲ. ಹಾಗಾಗಿ ಬರುವ ಮೇ 7ನೇ ತಾರೀಖು ನಮ್ಮ ಮೊದಲ ವೋಟು.

ನಿನ್ನೆ ಡಿಸೆಂಬರ್ ಮಳೆಯಲ್ಲಿ ನೆನೆದುಕೊಂಡು ಮನೆಗೆ ಬಂದರೆ ಬಾಗಿಲ ಹಿಂದೆ ಮೂರು ಪಾಂಪ್ಲೆಟ್ ಬಿದ್ದಿತ್ತು. ಆಡಳಿತ ಪಕ್ಷ ಲೇಬರ್ ಒಂದು, ಟೋರಿ (ಕನ್ಸರ್ವೇಟಿವ್) ಒಂದು, ನೈಜೆಲ್ ಫರಾಜ್‌ನ ರಿಫಾರ್ಮ್ ಒಂದು. ಮೂರರಲ್ಲೂ ಯಾರೋ ರಸ್ತೆಗುಂಡಿ ಪಕ್ಕ ನಿಂತು ಮುಖ ಗಂಟು ಹಾಕಿಕೊಂಡು ಬೆರಳು ತೋರಿಸುತ್ತಿರುವ ಫೋಟೊ. ಸರಿಯಾಗಿ ನೋಡಿದರೆ ಎರಡರಲ್ಲಿ ಗುಂಡಿಯೂ ಒಂದೇ!

ಪ್ರಶ್ನೆ ಎರಡು. ನಿಮ್ಮ ಏರಿಯಾದಲ್ಲಿ ಯಾರ ಗಾಳಿ ಇದೆ, ರಿಫಾರ್ಮ್ ಲಂಡನ್ನಿನಲ್ಲೂ ಗೆಲ್ಲುತ್ತದಾ? ಇನ್ನೊಂದು, ನಮ್ಮಂಥ ವೀಸಾದವರು ಏನನ್ನು ನೋಡಿ ವೋಟು ಹಾಕಬೇಕು? ನನ್ನ ಗಂಡನಿಗೆ ಪಿಆರ್ (ಕಾಯಂ ವಾಸದ ಪರವಾನಗಿ) ಬಿಟ್ಟು ಬೇರೆ ಯಾವ ವಿಷಯವೂ ವಿಷಯವೇ ಅಲ್ಲ. ನನಗೆ ಮಾತ್ರ ಎರಡು ವಾರದಿಂದ ಯಾರೂ ಎತ್ತದ ನೀಲಿ ಕಸದ ಡಬ್ಬ ಕಣ್ಣಿಗೆ ಚುಚ್ಚುತ್ತಿದೆ. ಯಾವ ಬರೋ (ಲಂಡನ್ನಿನ ಕೌನ್ಸಿಲ್ ಪ್ರದೇಶ) ಅಂತ ಕೇಳಬೇಡಿ, ಹೇಳಲ್ಲ.

ಫೆಲ್ಟಮ್ ಫಿಲ್ಟರ್ ಕಾಫಿ

ಗಾಳಿ ಆಮೇಲೆ. ಮೊದಲು ವೋಟರ್ ಲಿಸ್ಟಿನಲ್ಲಿ ಹೆಸರಿದೆಯಾ?

ಉಪ್ಪಿಟ್ಟು ವಿರೋಧಿ

ಇಂಡಿಯನ್ ಪಾಸ್‌ಪೋರ್ಟ್ ಇಟ್ಟುಕೊಂಡು ಇಲ್ಲಿ ವೋಟು ಹಾಕುವ ಹಾಗಿಲ್ಲ ಅಂತ ನಮ್ಮ ಆಫೀಸಿನವರು ಹೇಳಿದ್ದರು. ಸಿಟಿಜನ್ ಆಗಬೇಕು ಅಲ್ವಾ?

ಫೆಲ್ಟಮ್ ಫಿಲ್ಟರ್ ಕಾಫಿ

@ಉಪ್ಪಿಟ್ಟು ವಿರೋಧಿ ನಿಮ್ಮ ಆಫೀಸಿನವರಿಗೆ ಒಂದು ಕಾಫಿ ಕುಡಿಸಿ ಕೂರಿಸಿ ಹೇಳಿ. ಭಾರತ ಕಾಮನ್‌ವೆಲ್ತ್ ದೇಶ. ಇಲ್ಲಿ ಕಾನೂನುಬದ್ಧವಾಗಿ ವಾಸ ಇರುವ ಕಾಮನ್‌ವೆಲ್ತ್ ನಾಗರಿಕರಿಗೆ ಕೌನ್ಸಿಲ್ ಎಲೆಕ್ಷನ್ನಲ್ಲೂ ವೋಟಿದೆ, ಪಾರ್ಲಿಮೆಂಟ್ ಎಲೆಕ್ಷನ್ನಲ್ಲೂ ವೋಟಿದೆ. ಸ್ಟೂಡೆಂಟ್ ವೀಸಾ ಆದರೂ ಸರಿ, ಡಿಪೆಂಡೆಂಟ್ ಆದರೂ ಸರಿ. ಪಕ್ಕದ ಮನೆಯ ಫ್ರೆಂಚ್ ಸಿಟಿಜನ್‌ಗೆ ಪಾರ್ಲಿಮೆಂಟ್ ವೋಟಿಲ್ಲ, ನಮಗಿದೆ. ಬ್ರಿಟಿಷರು ಬಿಟ್ಟುಹೋದ ಸಾಮಾನಿನಲ್ಲಿ ಇದೊಂದು ಉಪಯೋಗಕ್ಕೆ ಬರುತ್ತಿದೆ.

ಹೆಸರು ಸೇರಿಸಲು ಕೊನೆ ದಿನ ಏಪ್ರಿಲ್ 20. ಆನ್‌ಲೈನಲ್ಲಿ ಐದು ನಿಮಿಷದ ಕೆಲಸ. 2023ರಿಂದ ಫೋಟೊ ಐಡಿ ಬೇಕೇ ಬೇಕು, ಆದರೆ ಇಂಡಿಯನ್ ಪಾಸ್‌ಪೋರ್ಟ್ ನಡೆಯುತ್ತದೆ. ಇಲ್ಲಿನ ಡ್ರೈವಿಂಗ್ ಲೈಸೆನ್ಸೂ ನಡೆಯುತ್ತದೆ. ಆಫೀಸ್ ಐಡಿ ಕಾರ್ಡ್ ಕುತ್ತಿಗೆಗೆ ನೇತುಹಾಕಿಕೊಂಡು ಹೋದರೆ ವಾಪಸ್ ಕಳಿಸುತ್ತಾರೆ. ಅನುಭವದ ಮಾತು, ನಗಬೇಡಿ.

ಉಪ್ಪಿಟ್ಟು ವಿರೋಧಿ

ಏಳು ವರ್ಷ ವೇಸ್ಟ್ ಮಾಡಿಕೊಂಡೆ ಹಾಗಾದರೆ.

ಹ್ಯಾರೋ ಹಳಬ

ಗಾಳಿ ಬಗ್ಗೆ ನಾನು ಹೇಳುತ್ತೇನೆ. ಇಪ್ಪತ್ತೆರಡು ವರ್ಷದಿಂದ ಇಲ್ಲಿದ್ದೇನೆ.

ಲಂಡನ್ನಿಗೆಲ್ಲ ಒಂದೇ ಗಾಳಿ ಅಂತ ಇರುವುದಿಲ್ಲ. 2022ರಲ್ಲಿ ಬೋರಿಸ್ ಜಾನ್ಸನ್ ಕಾಲದ ಲಾಕ್‌ಡೌನ್ ಮೋಜಿನ ಪಾರ್ಟಿಗಳ ಗಲಾಟೆಯಲ್ಲಿ ಟೋರಿಗಳಿಗೆ ಲಂಡನ್ನಿನಲ್ಲಿ ಭಾರಿ ಹೊಡೆತ ಬಿತ್ತು. ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್ 1964ರಿಂದ ಅವರ ಕೈಯಲ್ಲೇ ಇದ್ದದ್ದು, ಲೇಬರ್ ಪಾಲಾಯಿತು. ಬಾರ್ನೆಟ್ಟೂ ಹೋಯಿತು. 1978ರಿಂದ ಕಾಪಾಡಿಕೊಂಡು ಬಂದಿದ್ದ ವಾಂಡ್ಸ್‌ವರ್ತ್ ಕೂಡ ಹೋಯಿತು. ಅದೇ ರಾತ್ರಿ ನಮ್ಮ ಹ್ಯಾರೋದಲ್ಲಿ ಮಾತ್ರ ಉಲ್ಟಾ. ಲೇಬರ್ ಕೈಯಲ್ಲಿದ್ದ ಕೌನ್ಸಿಲನ್ನು ಟೋರಿಗಳು 31-24ರಲ್ಲಿ ಕಿತ್ತುಕೊಂಡರು. 2024ರಲ್ಲಿ ದೇಶದ ತುಂಬ ಟೋರಿಗಳು ಉದುರಿದಾಗಲೂ ಹ್ಯಾರೋ ಈಸ್ಟಿನಲ್ಲಿ ಬಾಬ್ ಬ್ಲ್ಯಾಕ್‌ಮನ್ ಅರ್ಧಕ್ಕಿಂತ ಜಾಸ್ತಿ ವೋಟು ತೆಗೆದುಕೊಂಡು ಗೆದ್ದರು.

ಇದಕ್ಕೆ ಗುಜರಾತಿಗಳು ಕಾರಣ ಅನ್ನುತ್ತಾರೆ. ಪೂರ್ತಿ ಸುಳ್ಳಲ್ಲ. ಆದರೆ ಅಷ್ಟೇ ಅಂದುಕೊಂಡರೆ ಮೋಸ ಹೋಗುತ್ತೀರಿ. ಸ್ವಂತ ಮನೆ, ಎರಡು ಕಾರು, ಡ್ರೈವ್‌ವೇ ಇರುವವರ ಊರು ಇದು. ಪಾರ್ಕಿಂಗ್, ಎತ್ತರದ ಫ್ಲಾಟು, ಯೂಲೆಜ್ (ಹೊಗೆ ಉಗುಳುವ ಹಳೆ ಗಾಡಿಗಳ ಮೇಲಿನ ಶುಲ್ಕ) ಇಂಥದ್ದರ ಮೇಲೆ ಇಲ್ಲಿ ವೋಟು ಬೀಳುತ್ತದೆ. ಪಕ್ಕದ ಅಕ್ಸ್‌ಬ್ರಿಜ್ ಉಪಚುನಾವಣೆ ನೆನಪಿದೆಯಾ? 2023ರ ಜುಲೈ. ಲೇಬರ್ ಗೆದ್ದೇ ಬಿಟ್ಟಿತು ಅಂತ ಎಲ್ಲರೂ ಅಂದುಕೊಂಡಿದ್ದರು. ಯೂಲೆಜ್ ಸಿಟ್ಟಿನಲ್ಲಿ ಟೋರಿ 495 ವೋಟಲ್ಲಿ ಉಳಿದುಕೊಂಡಿತು.

ಮಿಡ್‌ಲ್ಯಾಂಡ್ಸ್ ಮಾಮಿ

ಲೆಸ್ಟರ್ ಕಥೆಯನ್ನೂ ಸೇರಿಸಿ. 2019ರಲ್ಲಿ 54ರಲ್ಲಿ 53 ಲೇಬರ್. 2023ಕ್ಕೆ ಮುಂಚೆ ಪಾರ್ಟಿಯವರೇ ಹತ್ತೊಂಬತ್ತು ಜನ ಹಾಲಿ ಕೌನ್ಸಿಲರುಗಳಿಗೆ ಟಿಕೆಟ್ ಇಲ್ಲ ಅಂದರು. ಅವರಲ್ಲಿ ಏಷ್ಯನ್ನರೇ ಜಾಸ್ತಿ. ಆಮೇಲೆ ಏನಾಯಿತು? 53 ಇದ್ದದ್ದು 31 ಆಯಿತು, ಟೋರಿಗಳು 17 ಗೆದ್ದರು. ನಮ್ಮ ಕಡೆ ಟಿಕೆಟ್ ತಪ್ಪಿದರೆ ಬಂಡಾಯ ಏಳುವುದಿಲ್ಲವಾ, ಅದೇ ಥರ.

2024ರ ಪಾರ್ಲಿಮೆಂಟ್ ಎಲೆಕ್ಷನ್ನಲ್ಲಿ ಲೆಸ್ಟರ್ ಈಸ್ಟಿನಲ್ಲಿ ಮಾಜಿ ಲೇಬರ್ ಎಂಪಿಗಳು ಇಬ್ಬರೂ ಬೇರೆ ಬೇರೆ ನಿಂತು ವೋಟು ಒಡೆದರು, ಟೋರಿಯ ಶಿವಾನಿ ರಾಜಾ ಗೆದ್ದರು. ಆ ಇಡೀ ಚುನಾವಣೆಯಲ್ಲಿ ಟೋರಿಗಳು ಬೇರೆಯವರಿಂದ ಕಿತ್ತುಕೊಂಡ ಸೀಟು ಅದೊಂದೇ.

ಕೆಂಟ್ ಗೌಡ್ರು

ನೀವೆಲ್ಲ ಇನ್ನೂ ಲೇಬರ್, ಟೋರಿ ಅಂತಲೇ ಕೂತಿದ್ದೀರಿ. ಈ ವರ್ಷ, 2025ರ ಮೇನಲ್ಲಿ ಏನಾಯಿತು ನೋಡಲಿಲ್ಲವಾ? ರಿಫಾರ್ಮ್ 677 ಸೀಟು, ಹತ್ತು ಕೌನ್ಸಿಲ್. ನಮ್ಮ ಕೆಂಟ್‌ನಲ್ಲಿ 81ಕ್ಕೆ 57. ಟೋರಿಗಳ ಕೋಟೆ ಅಂತಿದ್ದ ಜಾಗ. ರನ್‌ಕಾರ್ನ್ ಉಪಚುನಾವಣೆಯಲ್ಲಿ ಲೇಬರ್ ಕೈಯಿಂದ ಆರು ವೋಟಲ್ಲಿ ಸೀಟು ಕಿತ್ತರು. ಆರೇ ಆರು! ಅವತ್ತಿಂದ ಸಮೀಕ್ಷೆಗಳಲ್ಲಿ ಅವರೇ ಮುಂದೆ.

ನಾನೇ ಅವರಿಗೆ ವೋಟು ಹಾಕಿದವನು, ಮುಚ್ಚುಮರೆ ಯಾಕೆ. ನಾನು ಹದಿನೈದು ವರ್ಷ ಟ್ಯಾಕ್ಸ್ ಕಟ್ಟಿ, ಸಾಲಿನಲ್ಲಿ ನಿಂತು ಸಿಟಿಜನ್ ಆದವನು. ದೋಣಿಯಲ್ಲಿ ಬಂದವರಿಗೆ ಹೋಟೆಲ್ ರೂಮು ಕೊಡುವುದು ನನಗೆ ಸರಿ ಕಾಣುವುದಿಲ್ಲ. ಬೈಯುವುದಿದ್ದರೆ ಬೈಯಿರಿ.

ಬ್ರಿಸ್ಟಲ್ ಬಾಡಿಗೆದಾರ

ಗೌಡ್ರೇ, ಬೈಯಲ್ಲ. ಒಂದೇ ಪ್ರಶ್ನೆ. ಹೋಟೆಲ್ ರೂಮು ಕೊಡುವುದು ಕೆಂಟ್ ಕೌನ್ಸಿಲ್ಲಾ, ಹೋಮ್ ಆಫೀಸಾ (ಕೇಂದ್ರದ ಗೃಹ ಇಲಾಖೆ)?

ಸುಮ್ನೆ ಓದೋನು

ಪಾಪ್‌ಕಾರ್ನ್ ತಂದುಕೊಂಡು ಕೂತೆ.

ಕೆಂಟ್ ಗೌಡ್ರು

ಹೋಮ್ ಆಫೀಸೇ. ಆದರೆ ಮೇಲಿನವರಿಗೆ ಬಿಸಿ ಮುಟ್ಟಬೇಕಾದರೆ ಕೆಳಗಿನಿಂದಲೇ ಮುಟ್ಟಿಸಬೇಕು. ನಮ್ಮೂರಲ್ಲಿ ಗ್ರಾಮ ಪಂಚಾಯ್ತಿ ಎಲೆಕ್ಷನ್ನಲ್ಲಿ ಮುಖ್ಯಮಂತ್ರಿ ಮೇಲಿನ ಸಿಟ್ಟು ತೀರಿಸಿಕೊಳ್ಳುವುದಿಲ್ಲವಾ?

ಬ್ರಿಸ್ಟಲ್ ಬಾಡಿಗೆದಾರ

ಸಿಟ್ಟು ತೀರುತ್ತದೆ, ಸರಿ. ಆಮೇಲೆ ನಾಲ್ಕು ವರ್ಷ ಅವರೇ ನಿಮ್ಮ ರಸ್ತೆ ನೋಡಿಕೊಳ್ಳಬೇಕು. ಖರ್ಚು ಕತ್ತರಿಸುತ್ತೇವೆ ಅಂತ ಕೆಂಟ್‌ಗೆ ಬಂದರು. ಕೌಂಟಿ ಕೌನ್ಸಿಲ್ ದುಡ್ಡಿನಲ್ಲಿ ದೊಡ್ಡ ಪಾಲು ವಯಸ್ಸಾದವರ ಆರೈಕೆಗೆ, ಅಂಗವಿಕಲರಿಗೆ, ವಿಶೇಷ ಅಗತ್ಯದ ಮಕ್ಕಳಿಗೆ ಹೋಗುತ್ತದೆ. ಕಾನೂನಿನ ಪ್ರಕಾರ ಅದನ್ನು ಕೊಡಲೇಬೇಕು. ಕತ್ತರಿ ಹಿಡಿದುಕೊಂಡು ಬಂದವರಿಗೆ ಬಟ್ಟೆಯೇ ಸಿಗಲಿಲ್ಲ. ಅಕ್ಟೋಬರಿನಲ್ಲಿ ಅವರದೇ ಮೀಟಿಂಗಿನ ವಿಡಿಯೊ ಹೊರಗೆ ಬಂತು, ನಾಯಕಿ ಸ್ವಂತ ಪಾರ್ಟಿಯ ಕೌನ್ಸಿಲರುಗಳನ್ನೇ ಗದರಿಸುತ್ತಿರುವುದು. ಆಮೇಲೆ ಹಲವರ ಅಮಾನತು. ಆರು ತಿಂಗಳಲ್ಲೇ ಇಷ್ಟು.

ಕೆಂಟ್ ಗೌಡ್ರು

ಹೊಸ ಸೊಸೆ ಮೊದಲ ದಿನ ಅನ್ನ ಸೀಯಿಸುತ್ತಾಳೆ, ಬಿಡಿ. ನಿಮ್ಮ ಗ್ರೀನ್ ಪಾರ್ಟಿಯವರು ಬ್ರೈಟನ್‌ನಲ್ಲಿ ಏನು ಮಾಡಿದರು? 2023ರಲ್ಲಿ ಜನ ಅವರನ್ನು ಏಳು ಸೀಟಿಗೆ ಇಳಿಸಿದರು.

ಬ್ರಿಸ್ಟಲ್ ಬಾಡಿಗೆದಾರ

ಅಲ್ಲಿ ಹೋದರು, ಇಲ್ಲಿ ಬಂದರು. ಬ್ರಿಸ್ಟಲ್‌ನಲ್ಲಿ 2024ರಲ್ಲಿ 70ಕ್ಕೆ 34, ದೊಡ್ಡ ಪಾರ್ಟಿ ಈಗ ಗ್ರೀನೇ. ಸೆಪ್ಟೆಂಬರಿನಲ್ಲಿ ಜ್ಯಾಕ್ ಪೊಲಾನ್‌ಸ್ಕಿ ನಾಯಕ ಆದ ಮೇಲೆ ಸದಸ್ಯರ ಸಂಖ್ಯೆ ಟೋರಿಗಳನ್ನೂ ಮೀರಿತು. ಬಾಡಿಗೆ ಕಟ್ಟಿಯೇ ಜೀವನ ಕಳೆಯುತ್ತಿರುವ ನನ್ನ ವಯಸ್ಸಿನವರೆಲ್ಲ ಆ ಕಡೆಯೇ. ಹ್ಯಾಕ್ನಿ, ಲ್ಯಾಂಬೆತ್, ಇಸ್ಲಿಂಗ್ಟನ್ ಕಡೆ ಲೇಬರ್‌ಗೆ ಭಯ ಇರುವುದು ರಿಫಾರ್ಮಿನದ್ದಲ್ಲ, ಇವರದ್ದು.

ಹ್ಯಾರೋ ಹಳಬ

ಇದನ್ನು ಒಪ್ಪುತ್ತೇನೆ. ಒಳ ಲಂಡನ್ನಿನಲ್ಲಿ ಗ್ರೀನ್, ಹೊರ ಲಂಡನ್ನಿನಲ್ಲಿ ರಿಫಾರ್ಮ್. ಬೆಕ್ಸ್‌ಲಿ, ಬ್ರಾಮ್‌ಲಿ, ಹೇವರಿಂಗ್ ಇವು ರಿಫಾರ್ಮ್‌ನವರು ಕಣ್ಣಿಟ್ಟ ಜಾಗ. ಲೇಬರ್ ನಡುವೆ ಸಿಕ್ಕಿಕೊಂಡಿದೆ, ಟೋರಿ ಎರಡೂ ಕಡೆಯಿಂದ ಸವೆಯುತ್ತಿದೆ. ಹೌನ್ಸ್‌ಲೋದಂಥ ಕಡೆ ಲೇಬರ್ 2022ರಲ್ಲಿ 62ಕ್ಕೆ 52 ಗೆದ್ದಿತ್ತು. ಎಷ್ಟು ಕಳೆದುಕೊಂಡರೂ ಕೈ ತಪ್ಪುವುದು ಕಷ್ಟ.

ಇನ್ನೊಂದು ಲೆಕ್ಕ ಇದೆ. ಮೊದಲು ಗೆಲ್ಲಬೇಕಾದರೆ ವಾರ್ಡಿನಲ್ಲಿ ನೂರಕ್ಕೆ ನಲವತ್ತೈದು ಬೇಕಿತ್ತು. ಈಗ ಐದು ಪಾರ್ಟಿ, ಜೊತೆಗೆ ಪಕ್ಷೇತರರು. ಇಪ್ಪತ್ತೆಂಟು, ಮೂವತ್ತು ಸಿಕ್ಕರೆ ಗೆದ್ದಂತೆ. ಇಲ್ಲಿ ವೋಟಿನ ಪ್ರಮಾಣಕ್ಕೆ ತಕ್ಕ ಸೀಟು, ಪ್ರಪೋರ್ಷನ್ ಗಿಪೋರ್ಷನ್ ಇಲ್ಲ, ನಮ್ಮ ಥರವೇ ಒಂದು ವೋಟು ಮುಂದಿದ್ದವ ಗೆದ್ದ. ಯಾರೂ ಭವಿಷ್ಯ ಹೇಳಲು ಹೋಗಬೇಡಿ.

ಕಾರ್ಡಿಫ್ ಕುಂದಾಪುರ

ನಾವೂ ಮೇ 7ಕ್ಕೇ ವೋಟು ಹಾಕುತ್ತಿದ್ದೇವೆ. ನಮ್ಮ ಕೌನ್ಸಿಲರ್ ಕೂಡ ಬದಲಾಗುತ್ತಾರಾ?

ಫೆಲ್ಟಮ್ ಫಿಲ್ಟರ್ ಕಾಫಿ

ಇಲ್ಲ. ವೇಲ್ಸ್‌ನಲ್ಲಿ ಕೌನ್ಸಿಲ್ ಎಲೆಕ್ಷನ್ 2027ಕ್ಕೆ. ಮೇ 7ಕ್ಕೆ ನಿಮ್ಮದು ಸೆನೆಡ್, ಅಂದರೆ ನಮ್ಮ ವಿಧಾನಸಭೆ ಇದ್ದ ಹಾಗೆ. ಈ ಸಲ ಪದ್ಧತಿಯೇ ಹೊಸದು: 96 ಸೀಟು, 16 ಕ್ಷೇತ್ರ, ಒಂದೊಂದರಲ್ಲಿ ಆರು ಜನ. ನೀವು ವೋಟು ಹಾಕುವುದು ಪಾರ್ಟಿ ಪಟ್ಟಿಗೆ.

ಕಾರ್ಡಿಫ್ ಕುಂದಾಪುರ

ಅಕ್ಟೋಬರಿನಲ್ಲಿ ಇಲ್ಲೇ ಹತ್ತಿರ ಕೇರ್‌ಫಿಲಿ ಉಪಚುನಾವಣೆ ಆಯಿತು. ನೂರು ವರ್ಷದ ಲೇಬರ್ ಊರು ಅದು. ವೇಲ್ಸ್‌ನದೇ ಪಾರ್ಟಿ ಪ್ಲೈಡ್ ಕಮ್ರಿ ಗೆದ್ದಿತು, ರಿಫಾರ್ಮ್ ಎರಡನೆಯದು, ಲೇಬರ್ ಮೂರನೆಯದು. ಬಸ್ಸಿನಲ್ಲಿ ಅಜ್ಜಿಯರೆಲ್ಲ ಅದನ್ನೇ ಮಾತಾಡುತ್ತಿದ್ದರು. ರಿಫಾರ್ಮನ್ನು ತಡೆಯುವವರು ಯಾರೋ ಅವರಿಗೆ ಹಾಕಿದೆವು ಅಂತ ಒಬ್ಬರು ಹೇಳಿದರು. ಇಷ್ಟು ದಿನ ಆ ಮಾತಿನ ಲಾಭ ಲೇಬರ್‌ಗೆ ಆಗುತ್ತಿತ್ತು.

ಹಿತ್ತಲ ದಾಸವಾಳ

ಎಲ್ಲ ಸರಿ, ಆದರೆ ನನ್ನ ಎರಡನೇ ಪ್ರಶ್ನೆಗೆ ಯಾರೂ ಬರಲಿಲ್ಲ. ಪಿಆರ್ ನೋಡಿ ಹಾಕಬೇಕಾ, ಡಬ್ಬ ನೋಡಿ ಹಾಕಬೇಕಾ?

ಮಿಡ್‌ಲ್ಯಾಂಡ್ಸ್ ಮಾಮಿ

ಪಿಆರ್ ನೋಡಿ ಹಾಕುತ್ತೇನೆ ಅಂದರೆ ಯಾರಿಗೆ ಹಾಕುತ್ತೀಯಮ್ಮ? ಐದು ವರ್ಷ ಇದ್ದದ್ದನ್ನು ಹತ್ತು ಮಾಡುತ್ತೇವೆ ಅಂತ 2025ರ ಮೇನಲ್ಲಿ ಶ್ವೇತಪತ್ರ ತಂದದ್ದು ಲೇಬರ್. ನವೆಂಬರಿನಲ್ಲಿ ಕೇರ್ ಕೆಲಸದವರಿಗೆ ಹದಿನೈದು ವರ್ಷ ಅಂತ ಪ್ರಸ್ತಾಪ ಇಟ್ಟದ್ದೂ ಅವರೇ. ಆ ಪದ್ಧತಿಯನ್ನೇ ಕಿತ್ತುಹಾಕುತ್ತೇವೆ ಅಂತ ಸೆಪ್ಟೆಂಬರಿನಲ್ಲಿ ಹೇಳಿದ್ದು ಫರಾಜ್. ಟೋರಿಗಳದ್ದೂ ಬಿಗಿ ಮಾಡುವ ಮಾತೇ. ಅತ್ತ ದರಿ, ಇತ್ತ ಪುಲಿ. ಕೌನ್ಸಿಲರ್‌ಗೆ ಇದರಲ್ಲಿ ಮೂರು ಕಾಸಿನ ಅಧಿಕಾರ ಇಲ್ಲ. ಡಬ್ಬ, ಲೈಬ್ರರಿ, ಸ್ಕೂಲ್ ಸೀಟು, ಪಾರ್ಕಿಂಗ್, ಮುದುಕರ ಆರೈಕೆ ಇಷ್ಟು ಅವರದ್ದು. ಡಬ್ಬ ನೋಡಿಯೇ ಹಾಕು.

ಡಬ್ಬ ಸಣ್ಣ ವಿಷಯ ಅಂದುಕೊಳ್ಳಬೇಡ. ಬರ್ಮಿಂಗ್‌ಹ್ಯಾಮ್ ನೋಡು. 2025ರ ಮಾರ್ಚ್ 11ರಿಂದ ಕಸದವರ ಪೂರ್ತಿ ಮುಷ್ಕರ ಶುರುವಾಯಿತು. 2023ರಲ್ಲಿ ಕೌನ್ಸಿಲ್ ಖಜಾನೆ ಖಾಲಿ ಅಂತ ತಾನೇ ಘೋಷಿಸಿಕೊಂಡಿತ್ತು. ಅಲ್ಲಿ ಲೇಬರ್ 2022ರಲ್ಲಿ 101ಕ್ಕೆ 65 ಗೆದ್ದಿತ್ತು. ಬರುವ ಮೇನಲ್ಲಿ ಅಲ್ಲೂ ಎಲೆಕ್ಷನ್. ಯಾರು ಗೆಲ್ಲುತ್ತಾರೋ, ಲೇಬರ್‌ಗೆ 65 ಮಾತ್ರ ಸಿಗಲ್ಲ. ಒಂದು ಕಡೆ ಗಾಜಾ ಸಿಟ್ಟಿನ ಪಕ್ಷೇತರರು, ಇನ್ನೊಂದು ಕಡೆ ರಿಫಾರ್ಮ್, ನಡುವೆ ಕಸದ ಚೀಲ.

ಉಪ್ಪಿಟ್ಟು ವಿರೋಧಿ

ಮಾಮಿ, ಅರ್ಧ ಮಾತ್ರ ಒಪ್ಪುತ್ತೇನೆ. ಮೇ 8ರ ಬೆಳಗ್ಗೆ ಟಿವಿಯಲ್ಲಿ ಡಬ್ಬದ ಮಾತು ಯಾರೂ ಆಡುವುದಿಲ್ಲ. ಲೇಬರ್‌ನ ಸ್ಟಾರ್ಮರ್ ಕುರ್ಚಿಯಲ್ಲಿ ಉಳಿಯುತ್ತಾರಾ, ಟೋರಿಯ ಬೇಡನಾಕ್ ಉಳಿಯುತ್ತಾರಾ ಅಂತಲೇ ಚರ್ಚೆ. ರಿಫಾರ್ಮ್ ಗೆದ್ದಲ್ಲೆಲ್ಲ ಉಳಿದವರು ಇಮಿಗ್ರೇಷನ್ ಬಗ್ಗೆ ಇನ್ನೂ ಗಟ್ಟಿಯಾಗಿ ಕೂಗುತ್ತಾರೆ. ಅದು ನಮ್ಮ ತಲೆಗೇ ಬರುತ್ತದೆ. ಹಾಗಾದರೆ ನಮ್ಮ ವಾರ್ಡಿನ ವೋಟಿಗೂ ನಮ್ಮ ವೀಸಾಕ್ಕೂ ಸಂಬಂಧ ಇಲ್ಲ ಅನ್ನುವುದು ಹೇಗೆ?

ಬ್ರಿಸ್ಟಲ್ ಬಾಡಿಗೆದಾರ

ನಿನ್ನೆ ತನಕ ವೋಟೇ ಇಲ್ಲ ಅಂದುಕೊಂಡಿದ್ದವರು ಇವತ್ತು ವಿಶ್ಲೇಷಕರು! ಆದರೂ ಪಾಯಿಂಟ್ ಸರಿ ಇದೆ.

ಕಲಬುರಗಿ ಟು ಕೆನ್ನಿಂಗ್ಟನ್

ನಮ್ಮವರು ನಿಲ್ಲುವುದರ ಬಗ್ಗೆ ಯಾರೂ ಹೇಳಲಿಲ್ಲವಲ್ರೀ. ನಮ್ಮ ಕಲಬುರಗಿಯ ಡಾ. ನೀರಜ್ ಪಾಟೀಲರು ಲ್ಯಾಂಬೆತ್‌ನಲ್ಲಿ ಲೇಬರ್ ಕೌನ್ಸಿಲರ್ ಆಗಿದ್ದರು, ಮೇಯರೂ ಆದರು. ಥೇಮ್ಸ್ ದಂಡೆ ಮೇಲೆ ಬಸವಣ್ಣನವರ ಪ್ರತಿಮೆ ಬಂದದ್ದರ ಹಿಂದೆ ಓಡಾಡಿದ್ದು ಅವರೇ. 2015ರ ನವೆಂಬರಿನಲ್ಲಿ ಮೋದಿ ಉದ್ಘಾಟನೆ ಮಾಡಿದರು. 2017ರಲ್ಲಿ ಪಟ್ನಿಯಲ್ಲಿ ಪಾರ್ಲಿಮೆಂಟಿಗೆ ನಿಂತು 1,554 ವೋಟಲ್ಲಿ ಸೋತರು. ಎದುರಿಗೆ ಇದ್ದದ್ದು ಮಂತ್ರಿ ಜಸ್ಟೀನ್ ಗ್ರೀನಿಂಗ್. ಸಣ್ಣ ಮಾತಲ್ಲ.

ಊರಿಂದ ಯಾರು ಬಂದರೂ ಕರೆದುಕೊಂಡು ಹೋಗಿ ಆ ಪ್ರತಿಮೆ ಮುಂದೆ ಫೋಟೊ ತೆಗೆಸಿಕೊಳ್ಳುತ್ತೇವೆ. ಅದೇ ಬರೋದಲ್ಲಿ ವೋಟು ಹಾಕಲು ಎಷ್ಟು ಜನ ಹೋಗುತ್ತೇವೆ ಅಂತ ಕೇಳಿದರೆ ತಲೆ ಕೆಳಗೆ.

ಮಿಡ್‌ಲ್ಯಾಂಡ್ಸ್ ಮಾಮಿ

ನಿಲ್ಲುವ ಮಾತು ಬಂತಲ್ಲ, ನನ್ನ ಕಥೆ ಕೇಳಿ. ಕೆಲವು ವರ್ಷದ ಹಿಂದೆ ಒಂದು ಪಾರ್ಟಿಯವರು ಬಂದು "ಸುಮ್ನೆ ಹೆಸರು ಕೊಡಿ ಸಾಕು, ಪೇಪರ್ ಕ್ಯಾಂಡಿಡೇಟ್" ಅಂದರು. ಅಂದರೆ ಗೆಲ್ಲುವ ಆಸೆಯೇ ಇಲ್ಲದ ವಾರ್ಡಿನಲ್ಲಿ ಪಟ್ಟಿ ತುಂಬಿಸಲು ಒಂದು ಹೆಸರು. ಕೌನ್ಸಿಲ್ ಎಲೆಕ್ಷನ್ನಿಗೆ ಠೇವಣಿ ಇಲ್ಲ. ವಾರ್ಡಿನ ಇಬ್ಬರು ಮತದಾರರ ಸಹಿ ಇದ್ದರೆ ಆಯಿತು. ಸಿಟಿಜನ್ನೇ ಆಗಬೇಕಿಲ್ಲ, ಪಿಆರ್ ಇರುವ ಇಂಡಿಯನ್ನರೂ ನಿಲ್ಲಬಹುದು. ನಾನು ಸೀರೆ ಉಟ್ಟು ಫೋಟೊ ಕೊಟ್ಟೆ. ಅವರು ಸ್ವೆಟರ್ ಹಾಕಿರುವ ಫೋಟೊ ಕೇಳಿದರು. ಅಲ್ಲೇ ಅರ್ಧ ಉತ್ಸಾಹ ಹೋಯಿತು.

ಆಮೇಲೆ ಬ್ಯಾಲೆಟ್ಟು. ಇಲ್ಲಿ ಹೆಸರು ಸರ್‌ನೇಮ್ ಅಕ್ಷರದ ಪ್ರಕಾರ ಬರುತ್ತದೆ. ಮೂರು ಸೀಟಿನ ವಾರ್ಡು, ಹಾಗಾಗಿ ಒಬ್ಬೊಬ್ಬರಿಗೆ ಮೂರು ವೋಟು. ಜನ ಮೇಲಿಂದ ಶುರು ಮಾಡಿ ಕೆಳಗೆ ಬರುವಷ್ಟರಲ್ಲಿ ಸುಸ್ತು. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ನಮ್ಮಪ್ಪನ ಹೆಸರು, ವಿ ಅಕ್ಷರ. ಎಲ್ಲರಿಗಿಂತ ಕೆಳಗೆ. ಅದೇ ಪಾರ್ಟಿಯ ಎ ಅಕ್ಷರದವರಿಗೆ ನನಗಿಂತ ಇನ್ನೂರು ವೋಟು ಜಾಸ್ತಿ ಬಿತ್ತು. ಆ ಮನುಷ್ಯ ಒಂದೇ ಒಂದು ಬಾಗಿಲು ತಟ್ಟಿರಲಿಲ್ಲ!

ಸುಮ್ನೆ ಓದೋನು

ಅಪ್ಪನ ಹೆಸರು ಆನಂದ ಆಗಿದ್ದರೆ ಕೌನ್ಸಿಲರ್ ಮಾಮಿ.

ಕೆಂಟ್ ಗೌಡ್ರು

😂😂 ಇದಕ್ಕೆ ಪಾರ್ಟಿ ಭೇದ ಮರೆತು ನಕ್ಕೆ.

ಜಯನಗರ 4ನೇ ಬ್ಲಾಕ್

ಬೆಂಗಳೂರಿಂದ ಓದುತ್ತಿದ್ದೇನೆ, ಹೊಟ್ಟೆ ಉರಿಯುತ್ತಿದೆ. ನಾವು ಕಾರ್ಪೊರೇಟರ್ ಎಲೆಕ್ಷನ್ ನೋಡಿದ್ದು 2015ರಲ್ಲಿ. ಅವರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ವಾರ್ಡು 198 ಅಂದರು, 243 ಅಂದರು, 225 ಅಂದರು. ಈಗ ಬಿಬಿಎಂಪಿಯೇ ಇಲ್ಲ, ಐದು ಪಾಲಿಕೆ ಮಾಡಿದ್ದಾರೆ. ಗುಂಡಿ ಮಾತ್ರ ಹಳೆಯದ್ದೇ. ನಿಮ್ಮ ಗುಂಡಿ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಲು ಮೂರು ಪಾರ್ಟಿ ಬರುತ್ತಾರಲ್ಲ, ಪುಣ್ಯವಂತರು.

ಹ್ಯಾರೋ ಹಳಬ

ಇಲ್ಲೂ ಮುಂದೂಡುತ್ತಾರೆ ಸ್ವಾಮಿ. ಕೌನ್ಸಿಲುಗಳನ್ನು ಕೂಡಿಸುವ ಯೋಜನೆ ಅಂತ ಈ ವರ್ಷವೇ ಒಂಬತ್ತು ಕಡೆ ಎಲೆಕ್ಷನ್ ನಿಲ್ಲಿಸಿದರು: ಎಸೆಕ್ಸ್, ನಾರ್‌ಫೋಕ್, ಸಫೋಕ್, ಸರ್ರೆ ಎಲ್ಲ. ಐದು ವರ್ಷ ಸುಮ್ಮನೆ ಕೂತಿಲ್ಲ ಅನ್ನುವುದು ಮಾತ್ರ ನಿಜ.

ಜಯನಗರ 4ನೇ ಬ್ಲಾಕ್

ಅಲ್ಲಿ ಖರ್ಚು ಎಷ್ಟು ಮಾಡುತ್ತಾರೆ? ಬಿರಿಯಾನಿ, ಕುಕ್ಕರ್ ಏನಾದರೂ ಇದೆಯಾ?

ಫೆಲ್ಟಮ್ ಫಿಲ್ಟರ್ ಕಾಫಿ

ಇಂಗ್ಲೆಂಡಿನಲ್ಲಿ ಒಬ್ಬ ಕೌನ್ಸಿಲ್ ಅಭ್ಯರ್ಥಿಯ ಮಿತಿ 960 ಪೌಂಡ್, ಜೊತೆಗೆ ತಲಾ ಮತದಾರನಿಗೆ 8 ಪೆನ್ಸ್. ಬಿರಿಯಾನಿ ಕೊಡಿಸಿದರೆ ಅಪರಾಧ. ಕುಕ್ಕರ್ ಬಿಡಿ, ಅದರ ಗ್ಯಾಸ್ಕೆಟ್ಟೂ ಸಿಗಲ್ಲ. ಬೂತಿನಲ್ಲಿ ಬೆರಳಿಗೆ ಶಾಯಿಯೂ ಇಲ್ಲ. ನಮ್ಮ ಮೈಸೂರಿನ ಶಾಯಿ ಅಷ್ಟು ದೇಶಕ್ಕೆ ಹೋಗುತ್ತದೆ, ಇಲ್ಲಿಗೆ ಬರಲ್ಲ. ದಾರ ಕಟ್ಟಿದ ಒಂದು ಗಿಡ್ಡ ಪೆನ್ಸಿಲ್ ಕೊಡುತ್ತಾರೆ. ಅದರಲ್ಲೇ ಇಂಟು ಮಾರ್ಕು. ನಮ್ಮಮ್ಮ ಮೊದಲ ಸಲ ವೋಟು ಹಾಕಲು ಬಂದಾಗ "ಅಳಿಸಿಬಿಟ್ಟರೆ?" ಅಂತ ಕೇಳಿ, ನಂಬದೆ ತಮ್ಮದೇ ಪೆನ್ನಿನಲ್ಲಿ ಒತ್ತಿ ಬರೆದು ಬಂದರು. ಪೆನ್ನೂ ನಡೆಯುತ್ತದಂತೆ.

ಉಪ್ಪಿಟ್ಟು ವಿರೋಧಿ

ಬೂತಿನ ಹೊರಗೆ ಗುಲಾಬಿ ಹೂವಿನ ಥರದ ರಿಬ್ಬನ್ ಬ್ಯಾಡ್ಜ್ ಹಾಕಿಕೊಂಡು ವೋಟರ್ ಲಿಸ್ಟಿನ ನಂಬರ್ ಕೇಳುವವರಿಗೆ ಹೇಳಲೇಬೇಕಾ?

ಫೆಲ್ಟಮ್ ಫಿಲ್ಟರ್ ಕಾಫಿ

ಬೇಕಿಲ್ಲ. ಅವರು ಟೆಲ್ಲರ್‌ಗಳು, ಪಾರ್ಟಿಯವರು. ತಮ್ಮ ಕಡೆಯವರು ಯಾರು ಇನ್ನೂ ಬಂದಿಲ್ಲ ಅಂತ ಲೆಕ್ಕ ಹಾಕಿ ಸಂಜೆ ಮನೆಗೆ ಬಂದು ಕರೆಯಲು. ಮೂರರಲ್ಲಿ ಒಬ್ಬರು ವೋಟು ಹಾಕಿದರೆ ಹೆಚ್ಚು ಅನ್ನುವ ಕೌನ್ಸಿಲ್ ಎಲೆಕ್ಷನ್ನಲ್ಲಿ ಈ ಕೆಲಸ ಮಾಡಿದವರೇ ಗೆಲ್ಲುವುದು.

ಬ್ರಿಸ್ಟಲ್ ಬಾಡಿಗೆದಾರ

ಲಿಬ್ ಡೆಮ್‌ಗಳನ್ನು (ಲಿಬರಲ್ ಡೆಮಾಕ್ರಾಟ್ ಪಾರ್ಟಿ) ಎಲ್ಲರೂ ಮರೆತುಬಿಟ್ಟಿರಿ. ರಿಚ್‌ಮಂಡ್‌ನಲ್ಲಿ 2022ರಲ್ಲಿ 54ಕ್ಕೆ 48 ಗೆದ್ದದ್ದು ಅವರೇ. 2025ರ ಮೇನಲ್ಲಿ ಟೋರಿಗಳಿಗಿಂತ ಜಾಸ್ತಿ ಸೀಟು ಗೆದ್ದರು. ಸದ್ದಿಲ್ಲ, ಗದ್ದಲವಿಲ್ಲ. ಪಾಂಪ್ಲೆಟ್ಟಿನಲ್ಲಿ ಒಂದು ಬಾರ್ ಚಾರ್ಟ್, "ಇಲ್ಲಿ ಗೆಲ್ಲುವುದು ನಾವು ಅಥವಾ ಅವರು" ಅಂತ. ಆ ಚಾರ್ಟಿನ ಅಳತೆ ಮಾತ್ರ ಯಾವ ಗಣಿತ ಮೇಷ್ಟ್ರಿಗೂ ಅರ್ಥವಾಗಲ್ಲ.

ಹಿತ್ತಲ ದಾಸವಾಳ

ಒಂದು ಅಪ್‌ಡೇಟ್. ಶನಿವಾರ ಸಂಜೆ ನಾಲ್ಕಕ್ಕೇ ಕತ್ತಲು, ನಾನು ಒಗ್ಗರಣೆ ಹಾಕುತ್ತಿದ್ದೆ, ಬೆಲ್ಲಾಯಿತು. ಒಬ್ಬರು ವಯಸ್ಸಾದವರು, ಮಳೆಯಲ್ಲಿ ನೆನೆದ ಕ್ಲಿಪ್‌ಬೋರ್ಡ್. ಮೇ ಎಲೆಕ್ಷನ್‌ಗೆ ನಿಂತಿದ್ದಾರಂತೆ. ಸಾಸಿವೆ ಹೊಗೆಗೆ ಎರಡು ಸಲ ಕೆಮ್ಮಿದರು, ಪಾಪ. ವೀಸಾ ವಿಷಯ ಕೇಳಿದೆ. "ಅದು ನನ್ನ ಕೈಯಲ್ಲಿಲ್ಲ, ಸುಳ್ಳು ಹೇಳಲ್ಲ" ಅಂದರು. ಡಬ್ಬದ ವಿಷಯ ಹೇಳಿದ ಕೂಡಲೇ ಟಾರ್ಚ್ ತೆಗೆದು, ಹೊರಗೆ ಹೋಗಿ, ಡಬ್ಬದ ಫೋಟೊ ತೆಗೆದುಕೊಂಡರು.

ಸೋಮವಾರ ಬೆಳಗ್ಗೆ ಡಬ್ಬ ಖಾಲಿ. ಅವರು ಮಾಡಿಸಿದರೋ, ಸರದಿ ಬಂತೋ ದೇವರಿಗೇ ಗೊತ್ತು. ಆದರೆ ಪಿಆರ್ ಪಿಆರ್ ಅಂತಿದ್ದ ನನ್ನ ಗಂಡ ಅವರ ಪಾಂಪ್ಲೆಟ್ಟನ್ನು ಫ್ರಿಜ್ ಮೇಲೆ ಅಂಟಿಸಿದ್ದಾರೆ.

ಕೆಂಟ್ ಗೌಡ್ರು

ಯಾವ ಪಾರ್ಟಿ?

ಹಿತ್ತಲ ದಾಸವಾಳ

ಹೇಳಲ್ಲ. ಮೊದಲು ಬಿದ್ದಿದ್ದ ಆ ಮೂರರಲ್ಲಿ ಒಂದಲ್ಲ.

ಬ್ರಿಸ್ಟಲ್ ಬಾಡಿಗೆದಾರ

ಫ್ರಿಜ್ ಮೇಲೆ ಬಾರ್ ಚಾರ್ಟ್ ಇದೆಯಾ?

ಹಿತ್ತಲ ದಾಸವಾಳ

...ಇದೆ.